ಕಾಲುಸಂಕದ ಕಡತ ಹಿಡಿದು ಬೆಳಗಾವಿಗೆ: ಅಧಿವೇಶನದ ಒಂದು ವಾರ

ಭಾನುವಾರ

ಎಲ್ಲರಿಗೂ ನಮಸ್ಕಾರ. ಈ ವಾರ ನಾನು ಕ್ಷೇತ್ರದಲ್ಲಿ ಸಿಗಲಿಲ್ಲ. ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾಗಿದೆ. ವಾರವಾರ ಕಳಿಸುವ ವರದಿಯಲ್ಲಿ ಯಾವ ರಸ್ತೆಗೆ ಎಷ್ಟು ಹಣ, ಯಾವ ಊರಲ್ಲಿ ಯಾವ ಸಭೆ ಅಂತ ಬರೆಯುತ್ತೇನೆ. ಈ ಸಲ ದಿನದಿನದ್ದು ಬರೆಯುತ್ತಿದ್ದೇನೆ. ಒಂದು ಕಾಲುಸಂಕದ, ಅಂದರೆ ಹಳ್ಳ ದಾಟುವ ಸಣ್ಣ ಕಾಲುಸೇತುವೆಯ ಕಡತ ಹಿಡಿದುಕೊಂಡು ಹೋಗಿದ್ದೆ. ಅದು ಯಾರ ಮೇಜಿಗೆ ಹೋಯಿತು, ಎಲ್ಲಿ ನಿಂತಿತು, ಕೊನೆಗೆ ಯಾರ ಕೈಗೆ ಬಂತು ಅನ್ನುವುದು ನಿಮಗೆ ಗೊತ್ತಾಗಬೇಕು. ಕೊನೆಗೆ ಬಂದಿದ್ದು ನಿಮ್ಮ ಕೈಗೇ.

ಹಳ್ಳದಾಚೆಯ ಕೇರಿಯ ಸಂಕವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಎರಡು ಅಡಿಕೆ ಮರ, ಅದರ ಮೇಲೆ ದಬ್ಬೆ, ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಕೇರಿಯವರೇ ಸೇರಿ ಹೊಸದಾಗಿ ಕಟ್ಟುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡವರು ಯಾರಾದರೂ ಜೊತೆಗೆ ಬಂದು ದಾಟಿಸಿದರೆ ಮಾತ್ರ ಮಕ್ಕಳು ಶಾಲೆಗೆ ಹೋಗುತ್ತಾರೆ. ಹಳ್ಳ ತುಂಬಿ ಬಂದ ದಿನ ಶಾಲೆಯೇ ಇಲ್ಲ. ದಿನ ತುಂಬುತ್ತಿರುವ ಬಸುರಿಯರನ್ನು ಮಳೆಗಾಲಕ್ಕೆ ಮೊದಲೇ ತವರಿಗೋ ನೆಂಟರ ಮನೆಗೋ ಕಳಿಸಿಬಿಡುತ್ತಾರೆ. ಅಲ್ಲೊಂದು ಗಟ್ಟಿ ಸಂಕ ಬೇಕು. ಅಂದಾಜುಪಟ್ಟಿ ಆಗಿದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ ಬರುತ್ತದಲ್ಲ, ಅದರಲ್ಲಿ ಹಣ ಇಡಲು ನಾನು ಒಪ್ಪಿಗೆ ಪತ್ರವನ್ನೂ ಕೊಟ್ಟಿದ್ದೇನೆ. ಆದರೆ ಹಳ್ಳದ ಎರಡೂ ದಂಡೆ ದಾಖಲೆಯಲ್ಲಿ ಅರಣ್ಯ. 'ಅರಣ್ಯ ಅನುಮತಿ ಅಗತ್ಯ' ಅನ್ನುವ ಒಂದು ಸಾಲಿನ ಷರಾ ಬಿದ್ದು ಕಡತ ಅಲ್ಲಿಗೇ ನಿಂತಿದೆ.

ಬೆಳಿಗ್ಗೆ ತಿಂಡಿ ಮುಗಿಸಿ ಹೊರಟೆವು. ಹಾನಗಲ್ಲಿನ ತನಕ ನಮ್ಮ ಕಡೆಯದೇ ನೋಟ. ಭತ್ತ ಕೊಯ್ದ ಗದ್ದೆ, ನಡುನಡುವೆ ಅಡಿಕೆ ತೋಟ. ತಡಸ ದಾಟಿ ಹುಬ್ಬಳ್ಳಿ ಹತ್ತಿರವಾಗುತ್ತಿದ್ದಂತೆ ನೆಲದ ಬಣ್ಣವೇ ಬೇರೆ. ಎರೆಭೂಮಿ, ಜೋಳ, ಕಡಲೆ. ಧಾರವಾಡ ಕಳೆದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಸಿಗುತ್ತವೆ. ಒಂದಕ್ಕೆ ಎರಡು ಟ್ರೇಲರ್, ಆಚೀಚೆ ಹೊರಚಾಚಿದ ಕಬ್ಬಿನ ತುದಿ. ಕತ್ತಲಾದ ಮೇಲೆ ಈ ರಸ್ತೆಯಲ್ಲಿ ಬೈಕಿನಲ್ಲಿ ಬರುವವರು ಹುಷಾರಾಗಿರಿ.

ಕಿತ್ತೂರಿನಲ್ಲಿ ಇಳಿದು ಕೋಟೆಯೊಳಗೆ ಸ್ವಲ್ಪ ಹೊತ್ತು ಓಡಾಡಿದೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಇಲ್ಲೇ. ರಾಣಿ ಚೆನ್ನಮ್ಮನ ಕತ್ತಿ, ಕುದುರೆ ನಮಗೆಲ್ಲ ಗೊತ್ತು. ಯುದ್ಧಕ್ಕೆ ಮುಂಚೆ ಆಕೆ ಮುಂಬೈ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರ ಬರೆದಿದ್ದರು. ದತ್ತು ಮಗನನ್ನು ಒಪ್ಪಿಕೊಳ್ಳಿ, ಸಂಸ್ಥಾನವನ್ನು ಅದರ ಪಾಡಿಗೆ ಬಿಡಿ ಅನ್ನುವುದು ಅವರ ಕೋರಿಕೆ. ಕೋರಿಕೆ ನಡೆಯಲಿಲ್ಲ. ಕೋಟೆಗೆ ಬಂದ ಶಾಲಾ ಮಕ್ಕಳಿಗೆ ಯುದ್ಧದ ಜೊತೆಗೆ ಆ ಪತ್ರದ ಕಥೆಯನ್ನೂ ಹೇಳಬೇಕು ಅಂತ ನನಗನಿಸುತ್ತದೆ. ಕೇಳಬೇಕಾದ ರೀತಿಯಲ್ಲಿ ಮೊದಲು ಕೇಳಿದ್ದರು ಅನ್ನುವುದೂ ಅವರ ಹಿರಿಮೆಯೇ.

ಸೋಮವಾರ

ಹುಬ್ಬಳ್ಳಿ ಕಡೆಯಿಂದ ಹೆದ್ದಾರಿಯಲ್ಲಿ ಬಂದರೆ ಬೆಳಗಾವಿ ಊರು ಸಿಗುವ ಮುಂಚೆಯೇ ಸುವರ್ಣ ವಿಧಾನಸೌಧ ಸಿಗುತ್ತದೆ. ಹಲಗಾ, ಬಸ್ತವಾಡದ ಹತ್ತಿರ ಎತ್ತರದ ಜಾಗ. 2006ರಲ್ಲಿ ಮೊದಲ ಸಲ ಬೆಳಗಾವಿಯಲ್ಲಿ ಅಧಿವೇಶನ ನಡೆದಾಗ ಈ ಕಟ್ಟಡ ಇರಲಿಲ್ಲ. ಕೆ.ಎಲ್.ಇ. ಸಂಸ್ಥೆಯ ಸಭಾಂಗಣದಲ್ಲಿ ನಡೆಸಿದ್ದರು. 2012ರ ಅಕ್ಟೋಬರ್ 11ರಂದು ಆಗಿನ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಇದನ್ನು ಉದ್ಘಾಟಿಸಿದರು. ಬೆಂಗಳೂರಿನಿಂದ ಸುಮಾರು 500 ಕಿಲೋಮೀಟರ್ ದೂರ. ಇಲ್ಲಿ ಅಧಿವೇಶನ ಮಾಡಿ ಏನು ಪ್ರಯೋಜನ ಅಂತ ನಮ್ಮ ಕಡೆ ಕೇಳುವವರಿದ್ದಾರೆ. ಬೀದರಿನವರಿಗೆ, ವಿಜಯಪುರದವರಿಗೆ ಬೆಂಗಳೂರು ಎಷ್ಟು ದೂರ ಅಂತ ಒಮ್ಮೆ ಯೋಚಿಸಿ. ಸರ್ಕಾರ ವರ್ಷಕ್ಕೆ ಒಂದು ಸಲವಾದರೂ ಅವರ ಹತ್ತಿರ ಬಂದು ಕೂರಬೇಕು. ಆದರೆ ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಯ ದಿನಗಳಿಗೆ ತಳ್ಳಬಾರದು. ಅಷ್ಟು ಹೊತ್ತಿಗೆ ಅರ್ಧ ಸದನ ಊರಿನ ದಾರಿ ಹಿಡಿದಿರುತ್ತದೆ. ಈ ಮಾತನ್ನು ನಮ್ಮ ಪಕ್ಷದ ಸಭೆಯಲ್ಲೂ ಹೇಳಿದ್ದೇನೆ.

ಮೊದಲ ದಿನ ಸಂತಾಪ ಸೂಚನೆ. ಈಚೆಗೆ ತೀರಿಕೊಂಡ ಮಾಜಿ ಸದಸ್ಯರನ್ನು, ಬೇರೆ ಗಣ್ಯರನ್ನು ನೆನೆದು ಎದ್ದು ನಿಂತೆವು. ಹೊಸಬರು ಈ ಹೊತ್ತಿನಲ್ಲಿ ಕಿವಿಗೊಟ್ಟು ಕೂರಬೇಕು. ಒಬ್ಬ ಹಳೆಯ ಶಾಸಕರ ಬಗ್ಗೆ ಮಾತಾಡುತ್ತಾ ಹಿರಿಯರೊಬ್ಬರು, ಅವರು ತಮ್ಮ ತಾಲ್ಲೂಕಿನ ಕೆರೆಗಳ ಹೆಸರನ್ನೆಲ್ಲ ಚೀಟಿ ನೋಡದೆ ಹೇಳುತ್ತಿದ್ದರು ಅಂದರು.

ಮಧ್ಯಾಹ್ನದ ಮೇಲೆ ಪೂರ್ತಿ ಕಾಗದದ ಕೆಲಸ. ನೀವು ಕೊಟ್ಟ ಅರ್ಜಿಗಳನ್ನು ಇಲಾಖೆವಾರು ಕಟ್ಟಿ ತಂದಿದ್ದೆವು. ಅರಣ್ಯದ ಕಟ್ಟು ಎಲ್ಲಕ್ಕಿಂತ ದಪ್ಪ, ಕಂದಾಯದ್ದು ಅದರ ನಂತರ. ಅಧಿವೇಶನದಲ್ಲಿ ಮಂತ್ರಿಗಳು, ಕಾರ್ಯದರ್ಶಿಗಳು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಬೆಂಗಳೂರಿನಲ್ಲಿ ವಾರ ಅಲೆದರೂ ಆಗದ ಸಹಿ ಇಲ್ಲಿ ಒಂದು ಸಂಜೆಯಲ್ಲಿ ಆಗುವುದುಂಟು. ಶಾಲೆಯ ಕೊಠಡಿ ದುರಸ್ತಿಯ ಪತ್ರಗಳು, ಒಂದು ಏತ ನೀರಾವರಿಯ ಮೋಟಾರಿನ ವಿಷಯ, ಎರಡು ವೈದ್ಯಕೀಯ ನೆರವಿನ ಅರ್ಜಿ ಅವತ್ತೇ ಮುಂದೆ ಹೋದವು. ಅರ್ಜಿ ಕೊಟ್ಟವರಿಗೆ ಪ್ರತಿ ತಲುಪಿಸಲು ಹೇಳಿದ್ದೇನೆ.

ಮಂಗಳವಾರ

ಇವತ್ತು ನನ್ನ ಪ್ರಶ್ನೆಯ ದಿನ.

ಪ್ರಶ್ನೋತ್ತರ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಧಾನಸಭೆಯಲ್ಲಿ ನಾವು 224 ಜನ. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದು ಕೊಡಬೇಕು. ಚುಕ್ಕೆ ಗುರುತು ಸಿಕ್ಕಿದ ಪ್ರಶ್ನೆಗೆ ಮಂತ್ರಿಗಳು ಸದನದಲ್ಲೇ ಉತ್ತರಿಸುತ್ತಾರೆ, ಆಗ ನಾವು ಎದ್ದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ ಬರುತ್ತದೆ. ಬರಹದ ಉತ್ತರ ಕಡಿಮೆ ಅಂತ ತಿಳಿಯಬೇಡಿ. ಅಂಕಿ ಅಂಶ, ಊರುವಾರು ಪಟ್ಟಿ ಬೇಕಾದರೆ ಅದೇ ಒಳ್ಳೆಯದು. ಉಪಪ್ರಶ್ನೆಯ ಬಲ ಬೇರೆ. ಮಂತ್ರಿಗಳು ಅಲ್ಲೇ ನಿಂತು ಹೇಳಬೇಕು, ಹೇಳಿದ್ದೆಲ್ಲ ವರದಿಗಾರರ ಕಡತಕ್ಕೆ ಹೋಗುತ್ತದೆ.

ಈ ಸಲ ನನ್ನ ಪ್ರಶ್ನೆಗೆ ಚುಕ್ಕೆ ಸಿಕ್ಕಿತ್ತು. ಮಲೆನಾಡಿನ ತಾಲ್ಲೂಕುಗಳಲ್ಲಿ ಶಾಲಾ ಮಕ್ಕಳು ಮಳೆಗಾಲದಲ್ಲಿ ಮರದ ಸಂಕ ದಾಟುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು, ಉಳಿದ ಸಂಕಗಳನ್ನು ಯಾವ ಕಾಲಮಿತಿಯಲ್ಲಿ ಮುಗಿಸಲಾಗುವುದು. ಮೊದಲ ಭಾಗಕ್ಕೆ ಮುದ್ರಿತ ಉತ್ತರದಲ್ಲಿ 'ಬಂದಿದೆ' ಅಂತಿತ್ತು. ಎರಡನೆಯದಕ್ಕೆ ಶಾಲಾ ಸಂಪರ್ಕ ಸೇತು ಯೋಜನೆಯ ಪ್ರಸ್ತಾಪ. ಕೆಲವು ವರ್ಷದ ಹಿಂದೆ ಆ ಯೋಜನೆಯಲ್ಲಿ ನಮ್ಮ ಭಾಗದ ಹಲವು ಹಳ್ಳಗಳಿಗೆ ಸಣ್ಣ ಸೇತುವೆ ಬಂದವು, ನಿಮಗೆ ನೆನಪಿರಬಹುದು. ಒಳ್ಳೆಯ ಯೋಜನೆ ಅದು. ಯಾರ ಕಾಲದಲ್ಲಿ ಬಂತು ಅನ್ನುವುದನ್ನು ಬಿಟ್ಟು ಅದನ್ನು ಹೊಗಳಬೇಕು. ಮೂರನೆಯ ಭಾಗಕ್ಕೆ ಬಂದ ಉತ್ತರ: ಅನುದಾನದ ಲಭ್ಯತೆ ಆಧರಿಸಿ ಕ್ರಮ ವಹಿಸಲಾಗುವುದು.

ಈ ಸಾಲನ್ನು ನಾನು ನಿರೀಕ್ಷಿಸಿದ್ದೆ. ಪಂಚಾಯತಿವಾರು ಸಂಕಗಳ ವಿವರ ನಮ್ಮ ಹತ್ತಿರ ಇತ್ತಲ್ಲ, ಅದನ್ನು ಹಿಡಿದು ಎದ್ದು ನಿಂತೆ. ಮಾನ್ಯ ಸಭಾಧ್ಯಕ್ಷರೇ, ಹಣವಿಲ್ಲದೆ ನಿಂತ ಸಂಕಗಳು ಬೇರೆ, ಹಣವಿದ್ದೂ ಅರಣ್ಯದ ಅನುಮತಿ ಸಿಗದೆ ನಿಂತ ಸಂಕಗಳು ಬೇರೆ. ಎರಡನ್ನೂ ಒಂದೇ ಉತ್ತರದಲ್ಲಿ ಸೇರಿಸಿದರೆ ಎರಡೂ ಬಗೆಹರಿಯುವುದಿಲ್ಲ, ದಯವಿಟ್ಟು ಬೇರೆ ಬೇರೆ ಪಟ್ಟಿ ಕೊಡಿಸಿ ಅಂತ ಕೇಳಿದೆ. ಕರಾವಳಿಯ, ಘಟ್ಟದ ಮೇಲಿನ ಇನ್ನೂ ಕೆಲವು ಸದಸ್ಯರು ದನಿಗೂಡಿಸಿದರು. ಬೇರೆ ಪಕ್ಷದವರು ಅವರು. ಹಳ್ಳದ ನೀರು ಪಕ್ಷ ನೋಡಿ ಏರುವುದಿಲ್ಲ ಅಂತ ಅವರಲ್ಲೊಬ್ಬರು ಅಂದಾಗ ಸದನವೆಲ್ಲ ಮೇಜು ತಟ್ಟಿತು. ಪಟ್ಟಿ ಮಾಡಿಸಿ ಕೊಡುತ್ತೇವೆ ಅಂತ ಮಂತ್ರಿಗಳು ಹೇಳಿದರು.

ಕೊಡುತ್ತೇವೆ ಅನ್ನುವ ಆ ಒಂದು ಮಾತು ನನಗೆ ಈ ದಿನದ ದೊಡ್ಡ ಸಂಪಾದನೆ. ಸದನದಲ್ಲಿ ಮಂತ್ರಿಗಳು ಕೊಟ್ಟ ಭರವಸೆಗಳನ್ನು ಹಿಂಬಾಲಿಸಲೆಂದೇ ಒಂದು ಸಮಿತಿ ಇದೆ, ಸರ್ಕಾರಿ ಭರವಸೆಗಳ ಸಮಿತಿ. ಹೇಳಿದ ಕೆಲಸ ಆಯಿತೇ ಅಂತ ಅದು ಇಲಾಖೆಗಳನ್ನು ಕರೆದು ಕೇಳುತ್ತದೆ. ಈ ಸಮಿತಿಯ ಕೆಲಸ ಟೀವಿಯಲ್ಲಿ ಬರುವುದಿಲ್ಲ. ಆದರೆ ನನ್ನ ಮಟ್ಟಿಗೆ, ಒಬ್ಬ ಸಾಮಾನ್ಯ ಶಾಸಕನಿಗೆ ಸಿಗುವ ಗಟ್ಟಿ ಆಯುಧ ಅದು. ಪ್ರಶ್ನೆ, ಉತ್ತರ ಎರಡನ್ನೂ ಪಂಚಾಯತಿಗಳಿಗೆ ಕಳಿಸಿದ್ದೇನೆ. ಸುಮ್ನೆ ನನ್ನ ಮಾತು ನಂಬಬೇಡಿ, ಓದಿ ನೋಡಿ.

ಸಂಜೆ ಕೋಣೆಗೆ ಬಂದ ಮೇಲೆ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ನೆನಪಾದರು. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದಿದ್ದು 1951ರಲ್ಲಿ. ಮರುವರ್ಷವೇ ಸಾಗರ-ಹೊಸನಗರದಿಂದ ಗೆದ್ದು ಸದನಕ್ಕೆ ಬಂದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಗೇಣಿದಾರರ ಮಾತನ್ನು ಸದನದ ಕಡತಕ್ಕೆ ಸೇರಿಸಿದವರಲ್ಲಿ ಅವರು ಮುಂದಿದ್ದರು. ಉಳುವವನಿಗೆ ನೆಲ ಕೊಟ್ಟ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರಲ್ಲಿ. ಅಷ್ಟು ಹೊತ್ತಿಗೆ ಗೋಪಾಲಗೌಡರು ಇರಲಿಲ್ಲ. ಆ ಕಾಲದ ಚರ್ಚೆಗಳ ಸಂಪುಟಗಳು ಈಗ ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ. ಕಾಲೇಜಿನ ಮಕ್ಕಳು ಓದಬೇಕು. ಎದುರಾಳಿಯನ್ನು ಎಷ್ಟು ತಯಾರಾಗಿ ಎದುರಿಸುತ್ತಿದ್ದರು ಅನ್ನುವುದು ಗೊತ್ತಾಗುತ್ತದೆ.

ಬುಧವಾರ

ಬೆಳಿಗ್ಗೆ ಶುರುವಾದ ಗದ್ದಲ ಮಧ್ಯಾಹ್ನದ ತನಕ ನಿಲ್ಲಲಿಲ್ಲ. ಸದನದ ಬಾವಿಗಿಳಿದು ಧರಣಿ, ಘೋಷಣೆ. ಮುಂದೂಡಿದರು, ಸೇರಿದರು, ಮತ್ತೆ ಮುಂದೂಡಿದರು. ಯಾವ ಪಕ್ಷದ್ದು ಸರಿ ಅಂತ ಇಲ್ಲಿ ಬರೆಯಲು ಹೋಗುವುದಿಲ್ಲ, ಟೀವಿಯಲ್ಲಿ ನೋಡಿದ್ದೀರಿ. ಧರಣಿಯೂ ಸದನದ ಒಂದು ದಾರಿಯೇ. ಆದರೆ ಗದ್ದಲದಲ್ಲಿ ಮೊದಲು ಹೋಗುವುದು ಶೂನ್ಯವೇಳೆ. ಸಣ್ಣ ಊರುಗಳ ಸಣ್ಣ ವಿಷಯಕ್ಕೆ ಜಾಗ ಇರುವುದು ಅಲ್ಲೇ.

ನಾನು ಶೂನ್ಯವೇಳೆಗೆ ಇಟ್ಟುಕೊಂಡಿದ್ದು ಮಂಗನ ಕಾಯಿಲೆಯ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಇಷ್ಟು ವರ್ಷವಾದರೂ ಇದಕ್ಕೇ ಅಂತ ಒಂದು ಔಷಧಿ ಇಲ್ಲ. ಹಳೆಯ ಲಸಿಕೆ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಅದನ್ನೂ ನಿಲ್ಲಿಸಿ ಕೆಲವು ವರ್ಷವಾಯಿತು. ಹೊಸದು ನಮ್ಮ ಜನರ ಕೈಗೆ ಬೇಗ ಬರಬೇಕು. ಡಿಸೆಂಬರ್‌ನಿಂದ ಮೇ ತನಕ ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಹೆಚ್ಚುವ ಕಾಲ. ತರಗೆಲೆಗೆ, ಸೌದೆಗೆ ಕಾಡಿಗೆ ಹೋಗುವ ಹೆಂಗಸರೇ ಮೊದಲು ಸಿಕ್ಕಿಕೊಳ್ಳುತ್ತಾರೆ. ಮಾತಾಡಲು ಅವಕಾಶ ಸಿಗಲಿಲ್ಲವಾದ್ದರಿಂದ ಬರಹದಲ್ಲಿ ಕೊಟ್ಟಿದ್ದೇನೆ. ಲಿಖಿತ ಉತ್ತರ ಬರುವ ತನಕ ಕಾಯಬೇಡಿ. ಕಾಡಿಗೆ ಹೋಗುವ ಮುಂಚೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜ್ವರ ಬಂದರೆ ಮಾತ್ರೆ ತಿಂದು ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಸದನ ಮುಂದೂಡಿದ ಹೊತ್ತಿನಲ್ಲಿ ಕೊಂಡಸಕೊಪ್ಪಕ್ಕೆ ಹೋದೆ. ಅಧಿವೇಶನ ನಡೆಯುವಾಗ ಪ್ರತಿಭಟನೆಗೆ ಅಂತ ಅಲ್ಲಿ ಪೆಂಡಾಲು ಹಾಕಿರುತ್ತಾರೆ. ಒಂದರ ಪಕ್ಕ ಒಂದು. ಅತಿಥಿ ಉಪನ್ಯಾಸಕರು, ಅಂಗನವಾಡಿಯವರು, ಕಬ್ಬು ಬೆಳೆಗಾರರು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ಜಮಖಾನದ ಮೇಲೆ ಕೂತಿರುತ್ತಾರೆ. ಡಿಸೆಂಬರಿನ ಬೆಳಗಾವಿಯ ಚಳಿ ನಮ್ಮೂರಿನದಕ್ಕಿಂತ ಒಣ, ಗಾಳಿ ಜಾಸ್ತಿ.

ಕಬ್ಬಿನವರ ಪೆಂಡಾಲಿನಲ್ಲಿ ಹಿರಿಯರೊಬ್ಬರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. "ಬರ್ರಿ ಸಾಹೇಬ್ರ, ಕುಂದರ್ರಿ. ಯಾವೂರು ನಿಮ್ದು?" ಹೇಳಿದೆ. "ಹಂಗಾರ ಅಡಿಕಿ ನಾಡಿನವ್ರು. ನಿಮ್ಮ ಅಡಿಕಿ ಒಣಗಿಸಿ ಇಟ್ರ ನಡೀತೈತಿ. ನಮ್ಮ ಕಬ್ಬು ಕಡದ ಮ್ಯಾಲೆ ಒಂದೊಂದು ದಿನಕ್ಕೂ ತೂಕ ಇಳೀತೈತ್ರಿ. ಅದಕ್ಕ ನಾವು ರೇಟಿನ ಮಾತು ಕಡಿಯೂದ್ರಾಗನ ಮುಗಿಸ್ರಿ ಅಂತೀವಿ." ಕಬ್ಬಿನ ಕನಿಷ್ಠ ದರ ಕೇಂದ್ರ ನಿಗದಿ ಮಾಡುತ್ತದೆ ಅನ್ನುವುದು ಗೊತ್ತಿತ್ತು. ದರದ ಜಗಳದಲ್ಲಿ ದಿನದ ಲೆಕ್ಕ ಎಷ್ಟು ಮುಖ್ಯ ಅನ್ನುವುದನ್ನು ಅವರಿಂದ ಕೇಳಿ ತಿಳಿದೆ. ಕಬ್ಬಿನ ಚರ್ಚೆ ಬಂದಾಗ ಇದನ್ನು ಹೇಳುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ. ನಮ್ಮ ಕ್ಷೇತ್ರದಲ್ಲಿ ಕಬ್ಬಿಲ್ಲ, ಆದರೂ ಕೊಟ್ಟ ಮಾತು ಮಾತೇ.

ಗುರುವಾರ

ಈ ವಾರದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೆಲಸವಾದ ದಿನ ಇದು. ಕೆಲಸವಾಗಿದ್ದು ಸದನದ ಒಳಗಲ್ಲ, ಮೊಗಸಾಲೆಯಲ್ಲಿ.

ಊಟದ ಹೊತ್ತಿಗೆ ಅರಣ್ಯದ ಹಿರಿಯ ಅಧಿಕಾರಿಯೊಬ್ಬರು ಸಿಕ್ಕಿದರು. ಸಂಕದ ಕಡತ ತೋರಿಸಿದೆ. ಷರಾ ಓದಿದರು, ನಕ್ಷೆ ನೋಡಿದರು. ಎಷ್ಟು ಜಾಗ ಬೇಕು ಅಂತ ಕೇಳಿದರು. ಸಂಕ ಮತ್ತು ಎರಡೂ ಕಡೆಯ ಕಾಲುದಾರಿ ಸೇರಿದರೆ ಕೆಲವೇ ಗುಂಟೆ. ಮರ ಎಷ್ಟು ಹೋಗುತ್ತದೆ? ದೊಡ್ಡ ಮರ ಒಂದೂ ಇಲ್ಲ. "ಹಾಗಿದ್ರೆ ಇದನ್ನ ದಿಲ್ಲಿ ದಾರಿಯಲ್ಲಿ ಯಾಕೆ ಕಳಿಸ್ತೀರಿ ಸಾರ್? ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳಿ" ಅಂದರು.

ಇದನ್ನು ನಿಧಾನವಾಗಿ ಓದಿ, ನಮ್ಮ ಭಾಗದ ಎಷ್ಟೋ ಕೆಲಸಗಳಿಗೆ ಇದು ಬೇಕಾಗುತ್ತದೆ. ಅರಣ್ಯ ಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ ಸಾಮಾನ್ಯವಾಗಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ದೊಡ್ಡ ಯೋಜನೆಗಳಿಗೆ ಆ ಬಿಗಿ ಇರಲೇಬೇಕು, ಕಾಡು ಉಳಿಯಬೇಕಾದರೆ ಬೇರೆ ದಾರಿ ಇಲ್ಲ. ಆದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಸಣ್ಣ ಊರುಗಳಿಗೆ ಅಂತಲೇ ಒಂದು ಬಾಗಿಲು ಇಟ್ಟಿದ್ದಾರೆ. ಸರ್ಕಾರ ನಡೆಸುವ 13 ಬಗೆಯ ಸೌಲಭ್ಯಗಳ ಪಟ್ಟಿ ಅಲ್ಲಿದೆ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಕರೆಂಟಿನ ತಂತಿ, ಕುಡಿಯುವ ನೀರು, ಕೆರೆ, ರಸ್ತೆ, ಸಮುದಾಯ ಭವನ ಹೀಗೆ. ಒಂದೊಂದು ಕೆಲಸಕ್ಕೆ ಬೇಕಾದ ಜಾಗ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವ ಹಾಗಿಲ್ಲ. ಇಷ್ಟಾದರೆ ಅರ್ಜಿ ದಿಲ್ಲಿಗೆ ಹೋಗಬೇಕಿಲ್ಲ. ವಲಯ ಅರಣ್ಯಾಧಿಕಾರಿ ಬಂದು ಸ್ಥಳ ನೋಡುತ್ತಾರೆ, ವಿಭಾಗದ ಅರಣ್ಯಾಧಿಕಾರಿ, ಅಂದರೆ ಡಿ.ಎಫ್.ಒ. ತೀರ್ಮಾನ ಮಾಡುತ್ತಾರೆ. ಸಂಕ ಮತ್ತು ಅದಕ್ಕೆ ಸೇರುವ ದಾರಿಯನ್ನು ರಸ್ತೆ ಅನ್ನುವ ಬಾಬಿನಲ್ಲೇ ಕೇಳಿ ಅಂತ ಆ ಹಿರಿಯ ಅಧಿಕಾರಿ ಹೇಳಿದರು.

ಇನ್ನೊಂದು ಷರತ್ತು ಇದೆ. ಗ್ರಾಮಸಭೆ ಶಿಫಾರಸು ಮಾಡಬೇಕು. ಕೋರಂ ಇರುವ ಗ್ರಾಮಸಭೆ. ಸದಸ್ಯರಲ್ಲಿ ಅರ್ಧದಷ್ಟು ಜನ ಬಂದು ಕೂತು ಒಪ್ಪಿ ಠರಾವು ಬರೆಯಬೇಕು. ಶಾಸಕರ ಪತ್ರ, ಮಂತ್ರಿಗಳ ಟಿಪ್ಪಣಿ ಯಾವುದೂ ಆ ಠರಾವಿನ ಬದಲಿಗೆ ನಡೆಯುವುದಿಲ್ಲ.

ಸತ್ಯವಾಗಿ ಹೇಳುತ್ತೇನೆ, ಇದನ್ನು ಕೇಳಿ ನನಗೆ ಸಂತೋಷವಾಯಿತು. ಊರಿನ ಒಂದು ಸಂಕ ಊರಿನವರ ಸಹಿಯಿಂದ ಆಗಬೇಕು ಅಂತ ಕಾಯ್ದೆಯೇ ಹೇಳುತ್ತಿದೆಯಲ್ಲ. ಅಧಿಕಾರಿಗಳು 'ಎ' ನಮೂನೆಯ ಅರ್ಜಿ ಹೇಗಿರಬೇಕು, ನಕ್ಷೆ ಎಷ್ಟು ಪ್ರತಿ, ಠರಾವಿನಲ್ಲಿ ಏನೇನು ಬರಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಚಹಾ ಆರಿ ತಣ್ಣಗಾಗಿತ್ತು, ಇಬ್ಬರೂ ಹಾಗೇ ಕುಡಿದೆವು.

ಸಂಜೆ ತಿಳಕವಾಡಿಯ ವೀರಸೌಧಕ್ಕೆ ಹೋದೆ. 1924ರ ಡಿಸೆಂಬರಿನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಿತ್ತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆಯವರು ಓಡಾಡಿ ಎಲ್ಲ ವ್ಯವಸ್ಥೆ ಮಾಡಿದ್ದರು. ಬಂದವರಿಗೆ ನೀರು ಬೇಕಲ್ಲ, ಅದಕ್ಕೆ ಅಂತ ಒಂದು ಬಾವಿ ತೋಡಿಸಿದರು. ಈಗಲೂ ಇದೆ, ಕಾಂಗ್ರೆಸ್ ಬಾವಿ ಅಂತಲೇ ಕರೆಯುತ್ತಾರೆ. ಅದೇ ಹೊತ್ತಿನಲ್ಲಿ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣದ ಸಮ್ಮೇಳನವೂ ಇಲ್ಲಿ ನಡೆಯಿತು. ಹರಿದು ಹಂಚಿಹೋಗಿದ್ದ ಕನ್ನಡದ ಜನ ಒಂದಾಗಿ ಒಂದು ಸದನದಲ್ಲಿ ಕೂರಲು ಅಲ್ಲಿಂದ ಮುಂದೆ 32 ವರ್ಷ ಬೇಕಾಯಿತು. ಬೆಳಗಾವಿಗೆ ಬಂದವರು ಕುಂದಾ ಕಟ್ಟಿಸಿಕೊಂಡು ಹೊರಡುವ ಮುಂಚೆ ಈ ಬಾವಿಯನ್ನೊಮ್ಮೆ ನೋಡಿಕೊಂಡು ಹೋಗಿ.

ಶುಕ್ರವಾರ

ಕಡಿಮೆ ಬರೆಯುತ್ತೇನೆ. ಪ್ರಶ್ನೋತ್ತರ ಶಾಂತವಾಗಿ ನಡೆಯಿತು. ಗಮನ ಸೆಳೆಯುವ ಸೂಚನೆಯಲ್ಲಿ ಅಡಿಕೆಯ ಎಲೆಚುಕ್ಕೆ ರೋಗದ ವಿಷಯ ಎತ್ತಿದೆ. ಔಷಧಿ ಹೊಡೆಯುವ ಖರ್ಚಿಗೆ ನೆರವು ಬೇಕು, ಸಣ್ಣ ತೋಟದವರಿಗೆ ಮೊದಲು ಸಿಗಬೇಕು ಅಂತ ಕೇಳಿದ್ದೇನೆ. ಬಂದ ಉತ್ತರ ನನಗೆ ಸಾಕಾಗಿಲ್ಲ. ಮುಂದಿನ ವಾರ ಮತ್ತೆ ಕೇಳುತ್ತೇನೆ. ಮಧ್ಯಾಹ್ನದ ಮೇಲೆ ಎರಡು ವಿಧೇಯಕ ಧ್ವನಿಮತದಲ್ಲಿ ಪಾಸಾದವು. ಅದರಲ್ಲಿ ಒಂದರ ಮೇಲೆ ಇನ್ನೂ ಜಾಸ್ತಿ ಚರ್ಚೆ ಆಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ವೀಕ್ಷಕರ ಗ್ಯಾಲರಿಯಲ್ಲಿ ಖಾನಾಪುರ ಕಡೆಯ ಶಾಲಾ ಮಕ್ಕಳು ಕೂತಿದ್ದರು. ಹೊರಗೆ ಸಿಕ್ಕಾಗ ಒಬ್ಬಳು ಹುಡುಗಿ, "ಅವ್ರು ಮಾತಾಡೂವಾಗ ನೀವ್ಯಾಕ ಕೇಳ್ತಿರಲಿಲ್ರಿ, ಫೋನ್ ನೋಡ್ತಿದ್ರಿ" ಅಂತ ನಮ್ಮ ಪಕ್ಕದಲ್ಲಿದ್ದ ಸದಸ್ಯರನ್ನು ನೇರವಾಗಿ ಕೇಳಿದಳು. ಅವರು ಅವಳ ಹೆಸರು ಕೇಳಿ, ಇನ್ನು ನೋಡುವುದಿಲ್ಲ ಅಂತ ಹೇಳಿದರು. ಮಕ್ಕಳನ್ನು ಸದನಕ್ಕೆ ಕರೆತರುವ ಶಿಕ್ಷಕರಿಗೆ ದೊಡ್ಡ ನಮಸ್ಕಾರ. ನಮ್ಮ ಕ್ಷೇತ್ರದ ಶಾಲೆಗಳಿಗೂ ಪಾಸು ಮಾಡಿಸಿಕೊಡುತ್ತೇನೆ, ಮುಖ್ಯೋಪಾಧ್ಯಾಯರು ಪತ್ರ ಕೊಡಲಿ.

ಸಂಜೆ ಹೊರಟು ನಡುರಾತ್ರಿಯ ಹೊತ್ತಿಗೆ ಮನೆ ಸೇರಿದೆ.

ಶನಿವಾರ

ಬೆಳಿಗ್ಗೆ ನೇರ ಹಳ್ಳದಾಚೆಯ ಕೇರಿಗೆ ಹೋದೆ. ಪಂಚಾಯತಿ ಅಧ್ಯಕ್ಷರು, ಪಿ.ಡಿ.ಒ., ಅರಣ್ಯ ಹಕ್ಕು ಸಮಿತಿಯವರು ಬಂದಿದ್ದರು. ಡಿಸೆಂಬರಿನಲ್ಲಿ ಹಳ್ಳದಲ್ಲಿ ಮೊಣಕಾಲಿನ ಮಟ್ಟಕ್ಕೂ ನೀರಿಲ್ಲ. ಬೇಸಿಗೆಯಲ್ಲಿ ಸ್ಥಳ ನೋಡಲು ಬರುವ ಯಾರಿಗಾದರೂ ಇಲ್ಲಿ ಸೇತುವೆ ಯಾಕೆ ಅನಿಸುವುದು ಸಹಜ. ಅದಕ್ಕೇ ಕಳೆದ ಜುಲೈಯಲ್ಲಿ ಕೇರಿಯ ಹುಡುಗರು ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನು ಅರ್ಜಿಯ ಜೊತೆ ಸೇರಿಸಲು ಹೇಳಿದ್ದೇನೆ.

ಜಗಲಿಯ ಮೇಲೆ ಕೂತು ವಿಷಯ ಹೇಳಿದೆ. ಒಬ್ಬರು ಅಜ್ಜಿ ಕೇಳಿದರು, "ಅಲ್ಲಾ ಮಾರಾಯಾ, ವೋಟು ಹಾಕಿದ್ವಿ, ನಿನ್ನ ಬೆಳಗಾವಿಗೆ ಕಳಿಸಿದ್ವಿ. ಈಗ ಮತ್ತೆ ನಾವೇ ಬಂದು ಕೈ ಎತ್ತಬೇಕಾ?" ಹೌದು ಅಜ್ಜಿ, ಎತ್ತಬೇಕು ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣಲಿಲ್ಲ. ಪಕ್ಕದಲ್ಲಿದ್ದ ಅವರ ಸೊಸೆ, "ಬರ್ತೀವಿ ಸಾರ್, ಆದ್ರೆ ಸಭೆ ಮಧ್ಯಾಹ್ನ ಇಡಬೇಡಿ. ತೋಟದ ಕೆಲಸ ಬಿಟ್ಟು ಬಂದ್ರೆ ಅವತ್ತಿನ ಕೂಲಿ ಹೋಗುತ್ತೆ" ಅಂದರು. ನ್ಯಾಯವಾದ ಮಾತು. ಇಷ್ಟು ವರ್ಷ ಗ್ರಾಮಸಭೆಗಳಲ್ಲಿ ಹೆಂಗಸರು ಕಡಿಮೆ ಅಂತ ಬೇಸರ ಪಡುತ್ತಿದ್ದೆವು, ಹೊತ್ತು ಯಾವುದು ಅಂತ ಅವರನ್ನು ಕೇಳುವವರಿರಲಿಲ್ಲ. ಭಾನುವಾರ ಬೆಳಿಗ್ಗೆ ಇಡಲು ಪಿ.ಡಿ.ಒ. ಒಪ್ಪಿದ್ದಾರೆ. ಅರಣ್ಯ ಹಕ್ಕು ನಿಯಮದ ಪ್ರಕಾರ ಸಭೆಗೆ ಬಂದವರಲ್ಲಿ ಮೂರನೇ ಒಂದು ಭಾಗವಾದರೂ ಹೆಂಗಸರಿರಬೇಕು. ನನಗೆ ಅರ್ಧಕ್ಕಿಂತ ಹೆಚ್ಚು ಬರುತ್ತಾರೆ ಅನ್ನುವ ನಂಬಿಕೆ ಇದೆ, ಆ ಸಂಕದ ಮೇಲೆ ಮಕ್ಕಳನ್ನು ದಾಟಿಸುವವರು ಅವರೇ ತಾನೆ.

ಪೇಟೆಯಲ್ಲಿ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಕೇರಿಯ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮ ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆ. ಕೋರಂ ಲೆಕ್ಕಕ್ಕೆ ನೀವೂ ಬೇಕು. ಅವತ್ತು ಒಂದು ದಿನ ಬನ್ನಿ.

ಇಂಥದೇ ಸಂಕ, ಕರೆಂಟಿನ ಕಂಬ, ಅಂಗನವಾಡಿ, ಕುಡಿಯುವ ನೀರಿನ ಟ್ಯಾಂಕು ಅರಣ್ಯದ ಷರಾದಿಂದ ನಿಂತಿರುವ ಬೇರೆ ಊರಿನವರು ಹಳೆಯ ಪತ್ರವ್ಯವಹಾರದ ಪ್ರತಿ ಹಿಡಿದು ನನ್ನ ಕಚೇರಿಗೆ ಬನ್ನಿ. 'ಎ' ನಮೂನೆ ಅಲ್ಲಿ ಇಟ್ಟಿದ್ದೇವೆ. ತುಂಬಲು ನಮ್ಮ ಹುಡುಗರು ಸಹಾಯ ಮಾಡುತ್ತಾರೆ, ಯಾರಿಗೂ ದುಡ್ಡು ಕೊಡಬೇಕಿಲ್ಲ. ಜಾಗ 1 ಹೆಕ್ಟೇರಿಗಿಂತ ಕಡಿಮೆ ಅನ್ನುವುದನ್ನು ಮೊದಲೇ ಅಳೆಸಿ ನೋಡಿಕೊಳ್ಳಿ.

ಮಧ್ಯಾಹ್ನ ತಾಲ್ಲೂಕಿನ ಕೆ.ಡಿ.ಪಿ. (ಪ್ರಗತಿ ಪರಿಶೀಲನಾ) ಸಭೆ ಇತ್ತು. ಅದರ ನಡಾವಳಿ ಟೈಪಾಗುತ್ತಿದೆ, ಆದ ಮೇಲೆ ಬೇರೆಯಾಗಿ ಕಳಿಸುತ್ತೇನೆ. ಸೋಮವಾರ ಮತ್ತೆ ಬೆಳಗಾವಿ. ಬಗರ್ ಹುಕುಂ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮ) ಅರ್ಜಿಗಳ ಮೇಲೆ ಕೇಳಿದ ಪ್ರಶ್ನೆ ಆ ವಾರದ ಪಟ್ಟಿಯಲ್ಲಿದೆ. ಇನ್ನೂ ಅರ್ಜಿಯ ಸಂಖ್ಯೆ ಕೊಡದವರು ನಾಳೆ ಸಂಜೆಯೊಳಗೆ ಕಚೇರಿಗೆ ತಲುಪಿಸಿ.